ಲೆನ್ಸಿಗೆ ಹಚ್ಚಿದ ವಿಭೂತಿ

ಲೆನ್ಸ್ ಒರೆಸುವ ಕೆಲಸವನ್ನು ಮೊದಲಿಗೆ ನನಗೆ ಯಾರೂ ಒಪ್ಪಿಸಿರಲಿಲ್ಲ. ನಾನೇ ಮೈಮೇಲೆ ಹಾಕಿಕೊಂಡೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸ್ವಲ್ಪ ಸುಲಭವಾಗುತ್ತದೆ.

ಹಿರಿಯೂರಿನ ಹಳೆಯ ಗೋದಾಮೊಂದರಲ್ಲಿ ನಮ್ಮ ಲ್ಯಾಬು ಇದೆ. ಲ್ಯಾಬು ಎಂದರೆ ರಕ್ತ ಪರೀಕ್ಷೆ ಮಾಡುವುದಲ್ಲ. ಕಂಪ್ಯೂಟರಿನಲ್ಲಿ ಗೆರೆ ಎಳೆದು ಕೊಟ್ಟರೆ ಅದೇ ಗೆರೆಯಲ್ಲಿ ಮರದ ಹಲಗೆ, ಅಕ್ರಿಲಿಕ್ ಹಾಳೆ, ತೊಗಲು ಕತ್ತರಿಸಿಕೊಡುವ ಲೇಸರ್ ಯಂತ್ರ ಅಲ್ಲಿದೆ. ಪ್ಲಾಸ್ಟಿಕ್ ಎಳೆ ಕರಗಿಸಿ ಪದರದ ಮೇಲೆ ಪದರ ಕಟ್ಟುವ ಪ್ರಿಂಟರ್ ಇದೆ. ಊರಿನವರು ಯಾರು ಬೇಕಾದರೂ ಬಂದು ಕಲಿತು ಬಳಸಬಹುದು. ನಾನು ಬಬ್ಬೂರಿನಿಂದ, ಮಧ್ಯಾಹ್ನದ ಅಡುಗೆ ಮುಗಿಸಿ, ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗುತ್ತೇನೆ. ಹೊಸಿಲಿಗೆ ಹಾಕುವ ರಂಗೋಲಿ ಅಚ್ಚುಗಳನ್ನು ಕತ್ತರಿಸುತ್ತೇನೆ. ಪಿಯುಸಿಗೆ ಓದು ಬಿಟ್ಟವಳನ್ನು ಅಂಥ ಯಂತ್ರದ ಹತ್ತಿರ ಬಿಟ್ಟುಕೊಂಡಿದ್ದೇ ದೇವರು ತೋರಿದ ದಯೆ ಎಂದು ಇವತ್ತಿಗೂ ತಿಳಿದಿದ್ದೇನೆ.

ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ಕು. ಯಂತ್ರ ಕೈಕೊಟ್ಟರೆ ಎಡ ಪುಟದಲ್ಲಿ ಏನಾಯಿತೆಂದು ಬರೆಯಬೇಕು, ಬಲ ಪುಟದಲ್ಲಿ ಏನು ಮಾಡಿ ಸರಿಪಡಿಸಿದಿರೆಂದು ಬರೆದು ಸಹಿ ಹಾಕಬೇಕು. ಶನಿವಾರ ನಾಲ್ಕು ಗಂಟೆಗೆ ಎಲ್ಲರೂ ಸೇರಿದಾಗ ವಾರದ ಪುಟಗಳನ್ನು ಗಟ್ಟಿಯಾಗಿ ಓದುತ್ತಾರೆ. ಒಬ್ಬರು ಪೇಚಾಡಿ ಕಲಿತದ್ದು ಹತ್ತು ಜನಕ್ಕೆ ಸಿಗಲಿ ಎಂದು. ಆ ಪುಸ್ತಕದಲ್ಲಿ ನನ್ನ ಸಹಿ ಬಹಳ ದಿನ ಇರಲಿಲ್ಲ. ಇರಬೇಕು ಅಂತ ಆಸೆ ಇತ್ತು.

ಒಂದು ದಿನ ಅಕ್ರಿಲಿಕ್ ಹಾಳೆ ಪೂರ್ತಿ ಕತ್ತರಿಸದೆ ಅರ್ಧಕ್ಕೇ ನಿಲ್ಲತೊಡಗಿತು. ಲ್ಯಾಬಿನ ಮೇಲ್ವಿಚಾರಕಿ ಹೊಳಲ್ಕೆರೆಯ ಹುಡುಗಿ, ಡಿಪ್ಲೊಮಾ ಓದಿದವಳು. ಅವಳು ಅಕ್ಕನ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಅವಳು ಕಲಿಸಿದ ಕ್ರಮದಲ್ಲೇ ನಾನು ಒಂದೊಂದಾಗಿ ನೋಡಿದೆ. ಹಾಳೆ ಇಡುವ ಹಾಸು ಸಮವಾಗಿದೆಯೇ, ಇದೆ. ಕಿರಣ ಹೊಮ್ಮುವ ಮೂತಿಗೂ ಹಾಳೆಗೂ ನಡುವೆ ಅಳತೆಯ ತುಂಡು ಇಟ್ಟು ನೋಡಿದೆ, ದೂರ ಸರಿಯಾಗಿದೆ. ಯಂತ್ರವನ್ನು ತಣಿಸುವ ನೀರು ತಣ್ಣಗಿದೆ. ಗಾಳಿ ಊದುತ್ತಿದೆ. ವೇಗ ಇಳಿಸಿದೆ, ಆದರೂ ಅರ್ಧ. ಕೊನೆಗೆ ಮೂತಿ ಬಿಚ್ಚಿ, ಕಿರಣವನ್ನು ಒಂದೇ ಚುಕ್ಕೆಗೆ ಕೂಡಿಸುವ ಲೆನ್ಸ್ ಹೊರತೆಗೆದೆ. ಒಂದು ರೂಪಾಯಿ ನಾಣ್ಯದಷ್ಟು ಅಗಲ, ಅರಿಶಿನ ಕಲಸಿದ ನೀರಿನ ಬಣ್ಣ. ಅದರ ಮೇಲೆ ಹೊಗೆಯ ಪೊರೆ ಕಟ್ಟಿತ್ತು.

ಅದನ್ನು ಒರೆಸಲು ಸ್ಪಿರಿಟ್ಟಿನ ಬಾಟಲಿ ಇಟ್ಟಿರುತ್ತಾರೆ. ಬಾಟಲಿ ಖಾಲಿ. ನನ್ನ ಚೀಲದಲ್ಲಿ, ಬಟ್ಟೆಯಲ್ಲಿ ಕಟ್ಟಿದ ವಿಭೂತಿ ಇತ್ತು, ಎಲ್ಲಿಗೆ ಹೋದರೂ ಇರುತ್ತದೆ. ನಮ್ಮವ್ವ ಲಾಟೀನಿನ ಗಾಜಿನ ಬುರುಡೆಯನ್ನು ಬಾಯಿಂದ ಹಬೆ ಬಿಟ್ಟು ಬೂದಿಯಲ್ಲಿ ತಿಕ್ಕಿ ಫಳಫಳ ಮಾಡುತ್ತಿದ್ದಳು. ನಾನು ದೇವರ ಮನೆಯ ಹಿತ್ತಾಳೆ ದೀಪಗಳನ್ನು ಇವತ್ತಿಗೂ ಹಾಗೇ ಬೆಳಗುತ್ತೇನೆ. ವಿಭೂತಿಯೆಂದರೆ ಸೋಸಿದ ಬೂದಿ, ಬೂದಿಗಿಂತ ನಯ. ಮೇಲೆ ದೇವರದು. ಒಂದು ಚಿಟಿಕೆ ಹಾಕಿ, ಹಬೆ ಬಿಟ್ಟು, ಹಳೆ ಪಂಚೆಯ ತುಂಡಿನಲ್ಲಿ ಸುತ್ತು ಸುತ್ತು ಒರೆಸಿದೆ. ಲೆನ್ಸ್ ಹೊಳೆಯಿತು. ಜೋಡಿಸಿ ನಡೆಸಿದರೆ ಹಾಳೆ ಬೆಣ್ಣೆಯಂತೆ ಕತ್ತರಿಸಿತು. ಯಂತ್ರದ ಮುಂದೆ ನಿಂತು ಕೈ ಮುಗಿದೆ.

ಬಲ ಪುಟದಲ್ಲಿ ಬರೆದೆ: "ಲೆನ್ಸ್ ಬಿಚ್ಚಿ ಒರೆಸಿದೆ. ಸರಿಹೋಯಿತು." ಏನು ಹಾಕಿ ಒರೆಸಿದೆ ಎಂದು ಬರೆಯಲಿಲ್ಲ. ಮರೆತದ್ದಲ್ಲ. ಪೆನ್ನು ಎತ್ತಿ ಒಂದು ಕ್ಷಣ ಯೋಚಿಸಿ ಬಿಟ್ಟದ್ದು. ಓದಿದವರು ನಕ್ಕಾರು ಎಂದು.

ಶನಿವಾರ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಊರಿಂದ ಬಂದಿದ್ದ ಮೇಲ್ವಿಚಾರಕಿ, "ನೋಡ್ರಿ, ಅಕ್ಕ ಒಬ್ಬರೇ ಲೆನ್ಸ್ ಬಿಚ್ಚಿ ಹಾಕವ್ರೆ. ಇನ್ಮೇಲೆ ಇದು ಅಕ್ಕನ ಡ್ಯೂಟಿ" ಎಂದಳು. ಅವಳು ಸ್ಪಿರಿಟ್ ಎಂದುಕೊಂಡಳು. ಹೊಸ ಬಾಟಲಿಯನ್ನೂ ತರಿಸಿಟ್ಟಳು. ನಾನು ಅದನ್ನು ಮುಟ್ಟಲಿಲ್ಲ. ಕೈಗೂಡಿದ್ದನ್ನು ಯಾಕೆ ಬಿಡಲಿ ಎನಿಸಿತು. ವಾರಕ್ಕೊಮ್ಮೆ, ಯಾರೂ ಇಲ್ಲದ ಹೊತ್ತು ನೋಡಿ, ವಿಭೂತಿ ಹಾಕಿ ಒರೆಸಿದೆ. ಪೂಜೆಯಂತೆಯೇ ಮಾಡಿದೆ.

ಮೊದಲು ನೂರಕ್ಕೆ ಐವತ್ತೈದರ ಶಕ್ತಿಯಲ್ಲಿ ಕತ್ತರಿಸುತ್ತಿದ್ದ ಹಾಳೆಗೆ ಬರಬರುತ್ತ ಅರವತ್ತು ಬೇಕಾಯಿತು, ಆಮೇಲೆ ಎಪ್ಪತ್ತು. ಯಂತ್ರ ಹಳೆಯದಾಯಿತು ಎಂದುಕೊಂಡೆವು. ನಾನು ವಾರಕ್ಕೆರಡು ಸಲ ಒರೆಸತೊಡಗಿದೆ.

ಲ್ಯಾಬಿಗೆ ಬರುವವರಲ್ಲಿ ಒಬ್ಬರು ತೊಗಲು ಕೆಲಸದ ಸಾಬರು. ಎಪ್ಪತ್ತರ ಹತ್ತಿರದ ವಯಸ್ಸು. ಟಗರಿನ ಕೊರಳಿಗೆ ಗೆಜ್ಜೆ ಪಟ್ಟಿ, ಎತ್ತಿನ ಹಣೆಪಟ್ಟಿ ಮಾಡುವ ಮನೆತನ. ಪಟ್ಟಿಯ ಮೇಲೆ ಬಳ್ಳಿ, ನವಿಲು, ಹೂವು ಕೊರೆದು ಕೆಳಗೆ ಬಣ್ಣದ ಬಟ್ಟೆ ಇಟ್ಟು ಹೊಲಿಯುತ್ತಿದ್ದರು. ಎರಡು ವರ್ಷದಿಂದ ಬಲಗೈ ನಡುಕ. ಉಳಿ ಹಿಡಿದರೆ ನವಿಲಿನ ಕೊರಳೇ ತುಂಡಾಗುತ್ತಿತ್ತಂತೆ. ಅವರು ಕಾಗದದಲ್ಲಿ ನಿಧಾನಕ್ಕೆ ಬರೆದುಕೊಟ್ಟ ಚಿತ್ರವನ್ನು ನಾನು ಕಂಪ್ಯೂಟರಿಗೆ ಏರಿಸಿಕೊಡುತ್ತಿದ್ದೆ, ಲೇಸರ್ ಕೊರೆಯುತ್ತಿತ್ತು. ಮೊದಲ ಪಟ್ಟಿ ಬಂದ ದಿನ ಅದನ್ನು ಬೆಳಕಿಗೆ ಹಿಡಿದು, "ಬೇಟಿ, ಇದು ನನ್ನ ಮೂವತ್ತು ವರ್ಷದ ಹಿಂದಿನ ಕೈ ನೋಡು" ಎಂದಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

ಆ ಮಂಗಳವಾರ ಅವರು ಧರ್ಮಪುರದ ಕಡೆಯ ಕುರಿ ಕಾಯುವ ಮನೆಯವರು ಹೇಳಿದ್ದ ಪಟ್ಟಿಗಳನ್ನು ಕತ್ತರಿಸಲು ಬಂದಿದ್ದರು. ತೊಗಲು ಆ ಮನೆಯವರದೇ.

"ಬೇಟಿ, ಇವತ್ಯಾಕೋ ಹೊಗೆ ಜಾಸ್ತಿ ಐತೆ. ನಿನ್ನ ಕೈಗುಣ ಚೆನ್ನಾಗೈತೆ, ಒಂದು ಸಲ ಒರೆಸಿಕೊಡು" ಎಂದರು.

ಒರೆಸಿಕೊಟ್ಟೆ. ಎರಡು ಪಟ್ಟಿ ಚೆನ್ನಾಗಿ ಬಂದವು. ಮೂರನೆಯದರ ಅರ್ಧಕ್ಕೆ ಯಂತ್ರದೊಳಗೆ ಬಳೆ ಒಡೆದಂಥ ಸಣ್ಣ ಸದ್ದಾಯಿತು. ಕಿರಣ ಚದುರಿ ತೊಗಲು ಕಪ್ಪಗೆ ಸುಟ್ಟಿತು, ಕೂದಲು ಸುಟ್ಟ ವಾಸನೆ. ಚಾಚಾ ತಕ್ಷಣ ಕೆಂಪು ಗುಂಡಿ ಒತ್ತಿ ನಿಲ್ಲಿಸಿದರು. ನಮಗೆಲ್ಲ ಕಲಿಸಿದ್ದು ಹಾಗೆಯೇ, ಅವರು ತಪ್ಪದೆ ಮಾಡಿದರು. ಬೆಂಕಿ ಹತ್ತಲಿಲ್ಲ, ಯಾರ ಕಣ್ಣಿಗೂ ಏನೂ ಆಗಲಿಲ್ಲ. ಅಷ್ಟಾದರೂ ದೇವರು ಉಳಿಸಿಕೊಟ್ಟ.

ಮೇಲ್ವಿಚಾರಕಿ ಓಡಿಬಂದು ಕೈಗವಸು ಹಾಕಿಕೊಂಡು ಲೆನ್ಸ್ ತೆಗೆದಳು. ಅಂಚಿನಿಂದ ಅಂಚಿಗೆ ಬಿರುಕು, ಮೇಲೆಲ್ಲ ಬಿಳಿ ಮಬ್ಬು. ಟಾರ್ಚು ನನ್ನ ಕೈಗೆ ಕೊಟ್ಟಳು. ನಾನು ಓರೆಯಾಗಿ ಬೆಳಕು ಹಿಡಿದೆ. ಮಬ್ಬಿನೊಳಗೆ ಕೂದಲೆಳೆಗಿಂತ ಸಣ್ಣ ಗೀರುಗಳು, ಸುತ್ತು ಸುತ್ತಾಗಿ, ಒಂದರೊಳಗೊಂದು. ಬೂದಿಯಲ್ಲಿ ತಿಕ್ಕಿದ ನನ್ನ ಮನೆಯ ತಟ್ಟೆ ಲೋಟಗಳ ಮೇಲೆಲ್ಲ ಇರುವ ಗೀರುಗಳೇ. ನನ್ನ ಕೈಯ ಗುರುತು ನನಗೆ ತಿಳಿಯದೆ?

"ಅಕ್ಕಾ, ಟಾರ್ಚ್ ಸರಿಯಾಗಿ ಹಿಡೀರಿ."

ಅಷ್ಟರಲ್ಲಿ ಅವಳ ಕಣ್ಣು ಕೆಳಗಿನ ಕಸದ ತಟ್ಟೆಯ ಮೇಲೆ ಬಿತ್ತು. ಅದರಲ್ಲಿ ಬೆರಳುದ್ದದ ಕೆಂಪು ರೆಕ್ಸಿನ್ ಚೂರು. ರೆಕ್ಸಿನ್ ಸುಟ್ಟರೆ ಹೊಮ್ಮುವ ಹೊಗೆ ಕೆಟ್ಟದ್ದು, ಲೆನ್ಸನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಅದನ್ನು ಯಂತ್ರದಲ್ಲಿ ಕೊಯ್ದವರಿಗೆ ಒಂದು ವರ್ಷ ಯಂತ್ರ ಕೊಡುವುದಿಲ್ಲ ಎಂದು ಗೋಡೆಯ ಮೇಲೇ ಬರೆದಿದೆ.

"ಚಾಚಾ, ಇದೇನಿದು?"

"ರೆಕ್ಸಿನ್ನಾಗೆ ತೊಗಲು ಸುತ್ಕೊಂಡು ಬಂದಿದ್ದೆನಮ್ಮ. ಅದ್ರದ್ದು ಬಿದ್ದಿರಬೇಕು."

"ಮಿಷನ್ ಒಳಗೆ ಹೋಗಿ ಬಿತ್ತಾ? ಹೋದ ತಿಂಗಳು ರೆಕ್ಸಿನ್ ಕೊಯ್ಬೋದಾ ಅಂತ ಕೇಳಿದ್ರಲ್ಲ ನೀವು?"

"ಕೇಳಿದ್ದೆ. ನೀನು ಬ್ಯಾಡ ಅಂದೆ, ಬಿಟ್ಟೆ. ಅಲ್ಲಾನಾಣೆ ಕೊಯ್ದಿಲ್ಲಮ್ಮ."

"ಆಣೆ ಪ್ರಮಾಣ ಬ್ಯಾಡ ಚಾಚಾ. ಲೆನ್ಸೇ ಹೇಳ್ತೈತಲ್ಲ. ಗೋಡೆ ಮೇಲಿನ ರೂಲು ನಿಮಗೂ ಒಂದೇ."

ಆರೇಳು ಜನ ಸುತ್ತ ನಿಂತಿದ್ದರು. ಚಾಚಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ನಾನು ಟಾರ್ಚು ಆರಿಸಿದೆ. ಅಷ್ಟೇ ನಾನು ಮಾಡಿದ್ದು. ಅವರು ಸುಟ್ಟ ತೊಗಲನ್ನೂ ಸುಡದ ತೊಗಲನ್ನೂ ಮಡಚಿಕೊಂಡು ಹೋದರು.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಕೃಷಿ ಕೇಂದ್ರದಲ್ಲಿ ಕೆಲಸದವರು, ದುಡುಕುವ ಜನವಲ್ಲ. "ನೀನೇನು ಬೇಕಂತ ಮಾಡಿದ್ಯಾ? ಹೊಸ ಲೆನ್ಸ್ ಬರ್ತೈತೆ, ನಾಕು ದಿನಕ್ಕೆ ಎಲ್ಲ ಮರೀತಾರೆ. ಸುಮ್ಕಿರು" ಎಂದರು. ಮರುದಿನ ಬೆಳಿಗ್ಗೆ ಪೂಜೆಯಲ್ಲಿ ವಿಭೂತಿಗೆ ಮೂರು ಬೆರಳು ಅದ್ದಿದೆ, ಹಣೆಗೆ ಒಯ್ಯಲು ಆಗಲಿಲ್ಲ. ತಟ್ಟೆಯ ಅಂಚಿಗೆ ಒರೆಸಿ ಎದ್ದೆ.

ಗುರುವಾರ ಒಂದು ಪರೀಕ್ಷೆ ಮಾಡಿದೆ. ತಪ್ಪು ನನ್ನದಲ್ಲದಿದ್ದರೆ ಸಾಕು ಎಂಬ ಆಸೆ. ನಮ್ಮ ಮಾವನವರ ಹಳೆಯ ಕನ್ನಡಕದ ಒಂದು ಗಾಜನ್ನು ವಿಭೂತಿ ಹಾಕಿ ನೂರು ಸಲ ಸುತ್ತು ಸುತ್ತು ತಿಕ್ಕಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಟಾರ್ಚು ಹಿಡಿದು ನೋಡಿದರೆ ಎರಡೂ ಒಂದೇ, ಗೀರಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಅವತ್ತು ಪಾಯಸ ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮಾಡಿದೆ. ರೆಕ್ಸಿನ್ನೇ ಇರಬೇಕು, ಚಾಚಾ ಸುಳ್ಳು ಹೇಳಿರಬೇಕು ಎಂದು ಐದಾರು ದಿನ ನಂಬಿಕೊಂಡು ಉಂಡೆ, ಮಲಗಿದೆ.

ಮುಂದಿನ ಬುಧವಾರ ಹೊಸ ಲೆನ್ಸ್ ಬಂತು. ಮೇಲ್ವಿಚಾರಕಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, "ಒಳಗಿರೋ ಹಾಳೆನ ಗೋಡೆಗೆ ಅಂಟಿಸ್ರಿ ಅಕ್ಕಾ. ನಿಮ್ಮ ಡ್ಯೂಟಿ ಅಲ್ವಾ ಇದು?" ಎಂದು ನಕ್ಕಳು. ಹಾಳೆಯಲ್ಲಿ ಚಿತ್ರಗಳಿದ್ದವು. ಒಣ ಬಟ್ಟೆಯಲ್ಲಿ ಸುತ್ತು ಸುತ್ತು ತಿಕ್ಕುವ ಕೈ, ಅದರ ಮೇಲೆ ದೊಡ್ಡ ಅಡ್ಡಗೀಟು. ಪುಡಿಯ ಚಿತ್ರ, ಅದರ ಮೇಲೂ ಅಡ್ಡಗೀಟು.

"ಗಾಜಿಗೆ ಇಷ್ಟೊಂದು ನಾಜೂಕು ಯಾಕೆ?" ಎಂದು ಕೇಳಿದೆ.

"ಗಾಜಲ್ಲ ಅಕ್ಕಾ ಅದು. ಗಾಜಿನೊಳಗೆ ಈ ಕಿರಣ ದಾಟಲ್ಲ. ಇದು ಬೇರೆ ಪದಾರ್ಥ, ಮೆತ್ತಗೆ ಇರ್ತೈತೆ. ಮೇಲೊಂದು ತೆಳ್ಳನೆ ಲೇಪ ಕೊಟ್ಟಿರ್ತಾರೆ. ಅದು ಗೀರಿದ್ರೆ ಕಿರಣದ ಬಿಸಿ ಅಲ್ಲೇ ನಿಂತು ಲೆನ್ಸ್ ಸೀಳ್ತೈತೆ."

ಆ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವ ಬದಲು ಪೇಟೆಯ ಒಳಗಿನ ಚಾಚಾರ ಅಂಗಡಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಅವರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದು, ಉಳಿಯಲ್ಲಿ ಬಳ್ಳಿ ಕೊರೆಯುತ್ತಿದ್ದರು. ಎಲೆಗಳು ಒಂದಕ್ಕೊಂದು ಸೇರಿಹೋಗಿದ್ದವು. ಎಡ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಬಾ ಬೇಟಿ, ಕುಂತ್ಕ. ಟೀ ತರಿಸ್ತೀನಿ."

"ಧರ್ಮಪುರದವರ ಪಟ್ಟಿನಾ ಚಾಚಾ?"

"ಅವರು ಮೊನ್ನೆ ಬಂದು ತೊಗಲು ವಾಪಸ್ ತಗೊಂಡು ಹೋದ್ರು. ಸುಟ್ಟ ತುಂಡು ನೋಡಿದ್ರು, ಏನೂ ಅನ್ನಲಿಲ್ಲ ಪಾಪ. ಮೂರು ತಲೆಮಾರಿಂದ ನಮ್ಮ ಮನೇಲೇ ಮಾಡಿಸ್ಕೊಂಡವರು." ಹಲಗೆಯತ್ತ ನೋಡಿದರು. "ಇದು ಸುಮ್ನೆ, ಕೈ ಮಾತು ಕೇಳ್ತೈತಾ ಅಂತ ನೋಡ್ತಿದ್ದೆ. ಕೇಳಂಗಿಲ್ಲ."

ಟೀ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಮಸೀದಿ ಮುಂದೆ ಕುಂತ್ರೆ ಕೇಳ್ತಾರೆ, ಏನು ಸಾಬ್ರೆ, ಮಿಷನ್ನು ಕೆಡಿಸಿದ್ರಂತೆ ಅಂತ. ಅದಕ್ಕೆ ಅಲ್ಲಿ ಕುಂತ್ಕಳೋದು ಬಿಟ್ಟೀನಿ. ಹೋಗ್ಲಿ ಬಿಡು. ನೀನೊಬ್ಬಳಾದ್ರೂ ನಂಬ್ತೀಯಲ್ಲ?" ಎಂದರು.

"ನಂಬ್ತೀನಿ ಚಾಚಾ" ಎಂದೆ.

ಅದು ನಿಜ. ಊರಿನಲ್ಲಿ ಅವರನ್ನು ನನ್ನಷ್ಟು ನಂಬುವವರು ಯಾರೂ ಇರಲಿಲ್ಲ. ಟೀ ಕುಡಿದು ಎದ್ದು ಬಂದೆ.

ಆ ರಾತ್ರಿ ಊಟದ ಹೊತ್ತಿಗೆ ಯಜಮಾನರು, ಅಷ್ಟು ಸಂಕಟವಾದರೆ ಮೇಲ್ವಿಚಾರಕಿಗೆ ಒಬ್ಬಳಿಗೇ ಫೋನು ಮಾಡಿ ಹೇಳು, ಅವಳೇ ಹೇಗೋ ಸರಿಮಾಡುತ್ತಾಳೆ ಎಂದರು. ನನಗೂ ಅದು ಚೆನ್ನಾಗಿ ಕಂಡಿತು, ಫೋನು ಕೈಗೆ ತೆಗೆದುಕೊಂಡೆ. ಆದರೆ ಚಾಚಾರಿಗೆ ಅಂದದ್ದು ಆರೇಳು ಜನರ ಎದುರಿಗೆ. ನಾನು ಕಿವಿಯಲ್ಲಿ ಹೇಳಿದರೆ ಅವರಿಗೆ ಸಿಗುವುದು ಕಿವಿಯಲ್ಲಿ ಪಿಸುಗುಟ್ಟಿದ ಕ್ಷಮೆಯೇ. ಶನಿವಾರದ ಸಭೆಯಲ್ಲೇ ಹೇಳುತ್ತೇನೆ ಎಂದೆ. ಅದು ಸರಿಯಾದ ತೀರ್ಮಾನವೇ ಎಂದು ಈಗಲೂ ಅಂದುಕೊಳ್ಳುತ್ತೇನೆ. ಆದರೆ ಆ ನೆಪದಲ್ಲಿ ಇನ್ನೂ ಮೂರು ದಿನ ಆ ಮನುಷ್ಯ ತಲೆ ತಗ್ಗಿಸಿಕೊಂಡಿರುವಂತೆ ಮಾಡಿದೆ ಎಂಬುದೂ ಅಷ್ಟೇ ಸರಿ.

ಶನಿವಾರ ನಾಲ್ಕಕ್ಕೆ ಪುಸ್ತಕ ಓದುವ ಮೊದಲೇ ಎದ್ದು ನಿಂತೆ. ಬಾಯಲ್ಲಿ ಹೇಳಿದರೆ ಅಳು ಬರುತ್ತದೆ, ತೋರಿಸುತ್ತೇನೆ ಎಂದು, ಯಂತ್ರದಿಂದ ತೆಗೆದಿಟ್ಟಿದ್ದ, ಕಿರಣ ತಿರುಗಿಸುವ ಹಳೆಯ ಕನ್ನಡಿಯೊಂದನ್ನು ಕೇಳಿ ಪಡೆದೆ. ಅದಕ್ಕೂ ಅಂಥದೇ ಲೇಪವಿರುತ್ತದೆ. ನಡುವೆ ಟೇಪು ಅಂಟಿಸಿ ಎರಡು ಭಾಗ ಮಾಡಿದೆ. ಎಡಕ್ಕೆ ಸ್ಪಿರಿಟ್ಟಿನ ಹನಿ ಬಿಟ್ಟು ತೆಳು ಕಾಗದವನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆದೆ. ಬಲಕ್ಕೆ ಚೀಲದಿಂದ ಗಂಟು ತೆಗೆದು ಚಿಟಿಕೆ ವಿಭೂತಿ, ಪಂಚೆಯ ತುಂಡು, ಸುತ್ತು ಸುತ್ತು. ಟೇಪು ಕಿತ್ತು ಮೇಲ್ವಿಚಾರಕಿಯ ಕೈಗೆ ಟಾರ್ಚು ಕೊಟ್ಟೆ. ಎಡಭಾಗ ನೀರಿನಂತಿತ್ತು. ಬಲಭಾಗದಲ್ಲಿ ಗೀರಿನ ಸುತ್ತುಗಳು ಎದ್ದು ಕಂಡವು.

"ಲೆನ್ಸಿಗೆ ಹಿಂಗೇ ಮಾಡ್ತಿದ್ದೆ. ಮೂರು ತಿಂಗಳು. ಆ ಮಂಗಳವಾರಾನೂ ಮಾಡಿದ್ದೆ, ಚಾಚಾ ಕೊಯ್ಯೋಕೆ ಮುಂಚೆ" ಎಂದೆ.

ಹಿಂದಿನಿಂದ ಯಾರೋ, "ದೇವರ ವಿಭೂತಿ ಮಿಷನ್ನಿಗೂ ಹಚ್ಚಿದ್ರಾ? ಇನ್ನು ಪ್ರಿಂಟರಿಗೊಂದು ತಾಯಿತ ಕಟ್ಟಿಬಿಡ್ರಿ" ಎಂದರು. ಒಂದಿಬ್ಬರು ನಕ್ಕರು.

"ವಿಭೂತಿದೇನೂ ತಪ್ಪಿಲ್ಲ. ಕೈ ನಂದು, ಬಾಯಿ ಮುಚ್ಕೊಂಡಿದ್ದೂ ನಾನೇ" ಎಂದೆ. ನಗು ನಿಂತಿತು.

ಮೇಲ್ವಿಚಾರಕಿ ನಗಲಿಲ್ಲ. "ಹನ್ನೊಂದು ದಿನ ಆತಲ್ಲ ಅಕ್ಕಾ! ಆ ಹಿರೇರಿಗೆ ನಾನು ಏನೇನು ಅಂದೆ, ನೀವು ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು ನಿಂತಿದ್ರಿ" ಎಂದಳು. ನನ್ನ ಮಗಳ ವಯಸ್ಸಿನವಳು. ಆಮೇಲೆ ಯಂತ್ರದ ಮುಚ್ಚಳ ಎತ್ತಿ, ಒಳಗಿನ ಕಬ್ಬಿಣದ ಸರಳುಗಳನ್ನೂ ಸ್ಕ್ರೂಗಳನ್ನೂ ಬೆರಳಿಂದ ಸವರಿ ನೋಡಿದಳು. "ರೆಕ್ಸಿನ್ ಕೊಯ್ದಿದ್ರೆ ಇಲ್ಲೆಲ್ಲ ತುಕ್ಕು ಬರಬೇಕಿತ್ತು. ಒಂದು ಚೂರೂ ಇಲ್ಲ. ಅವತ್ತು ನಾನೂ ನೋಡ್ಲಿಲ್ಲ. ಬರ್ರಿ, ಹೋಗಾಣ."

ಹೋಗುವ ಮೊದಲು ನೋಟ್‌ಬುಕ್ಕಿನಲ್ಲಿ ನನ್ನ ಹಳೆಯ ಸಾಲಿನ ಕೆಳಗೆ, ಏನು ಹಾಕಿ ಒರೆಸಿದೆ, ಎಷ್ಟು ಸಲ, ಅದರಿಂದ ಏನಾಯಿತು ಎಂದು ಅರ್ಧ ಪುಟ ಬರೆದು ಸಹಿ ಹಾಕಿದೆ.

ಅಂಗಡಿಯಲ್ಲಿ ಮೇಲ್ವಿಚಾರಕಿ ಚಾಚಾರ ಕಾಲು ಮುಟ್ಟಲು ಬಗ್ಗಿದಳು, ಅವರು ಅವಳ ತಲೆ ಹಿಡಿದು ಎತ್ತಿದರು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನನ್ನ ಜೊತೆ ಮೊದಲ ಸಲ ಬಹುವಚನದಲ್ಲಿ ಮಾತಾಡಿದರು.

"ಕೆಡಿಸಿದ್ದಕ್ಕೆ ನನ್ನದೇನೂ ತಕರಾರಿಲ್ಲಮ್ಮ. ನಾನೂ ಕಲಿಯೋವಾಗ ಎಷ್ಟು ತೊಗಲು ಹಾಳು ಮಾಡೀನಿ. ಬುಧವಾರ ಬಂದಿದ್ರಲ್ಲ ನೀವು, ಇಲ್ಲೇ ಕುಂತು ಟೀ ಕುಡಿದ್ರಿ. ಅವತ್ತು ಹೇಳಬೋದಿತ್ತು."

"ಹೌದು ಚಾಚಾ."

"ಹೇಳಬೋದಿತ್ತು" ಎಂದು ಮತ್ತೊಮ್ಮೆ ಮೆಲ್ಲಗೆ ಅಂದು ತೊಗಲಿನ ಚೂರುಗಳನ್ನು ಗುಡಿಸತೊಡಗಿದರು. ಆದರೆ ಮೇಲ್ವಿಚಾರಕಿ ಸೋಮವಾರ ಬರಲೇಬೇಕು ಎಂದು ಕೇಳಿಕೊಂಡಾಗ ಇಲ್ಲ ಎನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ಅದೊಂದನ್ನೇ ಹಿಡಿದುಕೊಂಡು ದೇವರನ್ನು ನೆನೆದೆ.

ಸೋಮವಾರ ಮಧ್ಯಾಹ್ನ ಅವರು ಬಂದರು. ತೊಗಲನ್ನು ಈ ಸಲ ದಿನಪತ್ರಿಕೆಯಲ್ಲಿ ಸುತ್ತಿಕೊಂಡು ತಂದಿದ್ದರು. ಹೊಸ ಲೆನ್ಸನ್ನು ಮೇಲ್ವಿಚಾರಕಿಯೇ ಜೋಡಿಸಿದ್ದಳು. ಮೂತಿಯ ಅಂತರವನ್ನು ನಾನು ಅಳೆದೆ, ಇನ್ನೊಮ್ಮೆ ಅಳೆದೆ. ಶಕ್ತಿಯನ್ನು ಮತ್ತೆ ಐವತ್ತೈದಕ್ಕೆ ಇಳಿಸಿದೆವು. ಚಾಚಾ ಗುಂಡಿ ಒತ್ತಿದರು. ನವಿಲಿನ ಕಾಲು ಬಂತು, ಮೈ ಬಂತು, ಗರಿಗಳು ಒಂದೊಂದಾಗಿ ಬಿಡಿಸಿಕೊಂಡವು. ಎಲ್ಲರೂ ಮುಚ್ಚಳದ ಕಿಟಕಿಗೆ ಬಗ್ಗಿ ನೋಡುತ್ತಿದ್ದೆವು. ಕೊರಳಿನ ಹತ್ತಿರ ಬರುವಾಗ ಯಂತ್ರ ಒಮ್ಮೆಲೇ ನಿಂತಿತು. ಗಾಳಿಯ ಸದ್ದೂ ನಿಂತಿತು.

ಚಾಚಾ ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಅಂಗೈ ತೋರಿಸಿದರು. ಬಲಗೈ ನಡುಗುತ್ತಿತ್ತು.

"ನಾನೇನೂ ಮುಟ್ಟಿಲ್ಲಮ್ಮ" ಎಂದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. "ನೋಡ್ರಿ, ನಾನೇನೂ ಮುಟ್ಟಿಲ್ಲ."

ಮೇಲೆ ಫ್ಯಾನು ನಿಧಾನವಾಗಿ ಸುತ್ತುತ್ತ ನಿಲ್ಲುತ್ತಿತ್ತು.

"ಕರೆಂಟು ಹೋಗೈತೆ ಚಾಚಾ" ಎಂದೆ. "ಅಷ್ಟೇ. ಊರಿಗೇ ಹೋಗೈತೆ."

ಅವರು ಫ್ಯಾನು ನೋಡಿದರು, ಬಾಗಿಲಾಚೆ ಎದುರಿನ ಅಂಗಡಿಯಲ್ಲಿ ಆರಿದ್ದ ದೀಪ ನೋಡಿದರು. ಆದರೂ ಆ ಕೈಗಳು ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು.